ಮುಚ್ಚಳದವರ ಫೋನು, ಡಬ್ಬದವರ ಕಿವಿ

ಮೋಹನದಾಸ ಅಡ್ಯಂತಾಯರ ಫೋನಿನಲ್ಲಿ ಹೆಂಗಸೊಬ್ಬಳು ಕೂತು ಹಾಡುತ್ತಿದ್ದಾಳೆ ಎಂಬ ಸಂಗತಿ ಮಂಗಳೂರಿನಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ತನ್ನ ನಂಬರಿಗೆ ತಾನೇ ಫೋನ್ ಮಾಡಿ ಕೇಳುವ ಚಟ ಯಾರಿಗೂ ಇರುವುದಿಲ್ಲವಷ್ಟೇ. ಗರುಡಟೆಲ್ ಕಂಪನಿಯವರು ಕೇಳದೆಯೇ ದಯಪಾಲಿಸಿದ ಈ ಸೇವೆಯನ್ನು ಅವರು ಹನ್ನೊಂದು ದಿನಗಳಿಂದ ಅನುಭವಿಸುತ್ತಿದ್ದರು. ಸರಿಯಾಗಿ ಹೇಳುವುದಾದರೆ, ಅವರಿಗೆ ಫೋನ್ ಮಾಡಿದವರು ಅನುಭವಿಸುತ್ತಿದ್ದರು.

ಬುಧವಾರ ಬೆಳಿಗ್ಗೆ ಏಳೂವರೆಗೆ ಎದುರು ಫ್ಲ್ಯಾಟಿನ ಜಲಜಾಕ್ಷಿ ಟೀಚರ್ ಬಂದು ಬಾಗಿಲು ಬಡಿದಾಗ ವಿಷಯ ಹೊರಬಿತ್ತು. ಟೀಚರ್ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಬಿಜೈಯ ಆ ಅಪಾರ್ಟ್‌ಮೆಂಟಿನ ಇಪ್ಪತ್ತನಾಲ್ಕು ಮನೆಗಳನ್ನು ಇಪ್ಪತ್ತನಾಲ್ಕು ಬೆಂಚುಗಳೆಂದೇ ತಿಳಿದಿದ್ದರು. ಅಡ್ಯಂತಾಯರ ಮಗಳು ಮನ್ವಿತಾಳಿಗೆ ಅಶ್ವಿತ್ ಎಂಬ ಹುಡುಗನ ಸಂಬಂಧ ತಂದವರೂ ಅವರೇ. ಹುಡುಗ, ಹುಡುಗಿ ಒಂದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು, ತಮ್ಮೊಳಗೆ ಎಲ್ಲ ಮಾತಾಡಿಕೊಂಡಾಗಿತ್ತು. ಇನ್ನು ಹಿರಿಯರು ಮಾತಾಡುವುದು ಮಾತ್ರ ಬಾಕಿ. ಈವರೆಗಿನ ಹೋಗಿಬರುವ ಮಾತೆಲ್ಲ ಟೀಚರ ಮೂಲಕವೇ ನಡೆದಿತ್ತು.

"ಅಡ್ಯಂತಾಯರೆ, ನಿಮಗೆ ಮಗಳ ಮದುವೆ ಆಗ್ಬೇಕಾ, ಬೇಡ್ವಾ?" ಎಂದರು ಟೀಚರ್, ಚಪ್ಪಲಿ ಕಳಚುತ್ತ.

ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದ ಅಡ್ಯಂತಾಯರು ರೇಜರು ಹಿಡಿದೇ ಹೊರಬಂದರು. "ಎಂತ ಆಯ್ತು ಟೀಚರೆ?"

"ಹುಡುಗನ ತಂದೆ ಜಗಜೀವನ ಆಳ್ವರು ಇವತ್ತು ನಿಮಗೆ ಸ್ವತಃ ಫೋನ್ ಮಾಡ್ತಾರಂತೆ. ಅದನ್ನು ಹೇಳುವ ಅಂತ ಈಗ ನಿಮಗೆ ಫೋನ್ ಮಾಡಿದೆ. ಕೇಳಿ, ನಿಮ್ಮ ಫೋನು ಎಂತ ಹಾಡ್ತದೆ ಅಂತ." ಅವರು ತಮ್ಮ ಫೋನಿನಿಂದ ಕರೆ ಮಾಡಿ ಅಡ್ಯಂತಾಯರ ಸೋಪಿಲ್ಲದ ಕಿವಿಗೆ ಹಿಡಿದರು.

ಡೋಲಿನ ಪೆಟ್ಟಿನ ನಡುವೆ ಹೆಣ್ಣುಸ್ವರವೊಂದು ಅರಚುತ್ತಿತ್ತು: "ಓಡಿಬಿಡೋ ರಾಜ ಓಡಿಬಿಡೋ, ಮಂಟಪ ಕಾಣೋ ಮುಂಚೆ ಓಡಿಬಿಡೋ."

ಅಡ್ಯಂತಾಯರ ಕೆನ್ನೆಯ ಸೋಪು ಅಲ್ಲೇ ಒಣಗಿತು. ಜಗಜೀವನ ಆಳ್ವರು ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು. ಮಗನ ಮದುವೆಯ ಮಾತಿಗೆಂದು ಫೋನ್ ಮಾಡಿದ ಅಂಥ ಮನುಷ್ಯನಿಗೆ ಹುಡುಗಿಯ ಅಪ್ಪನ ಕಡೆಯಿಂದ ಸಿಗುವ ಮೊದಲ ಸಲಹೆ ಇದು.

ಗರುಡಟೆಲ್‌ನ ಗ್ರಾಹಕ ಸೇವೆಗೆ ಫೋನ್ ಹಚ್ಚಿದ್ದಾಯಿತು. ಅವರ ಕರೆ ಕಂಪನಿಗೆ ಎಷ್ಟು ಅಮೂಲ್ಯ ಎಂಬುದನ್ನು ಯಂತ್ರವೊಂದು ಆರು ಸಲ ತಿಳಿಸಿತು. ಕನ್ನಡಕ್ಕೆ ನಾಲ್ಕು ಒತ್ತಿದರು, ಸೇವೆಗಳಿಗೆ ಮೂರು ಒತ್ತಿದರು, ಹಾಡು ನಿಲ್ಲಿಸಲು ಎಂಟು ಒತ್ತಬೇಕೋ ಒಂಬತ್ತೋ ಎಂದು ಕೇಳಿಸಿಕೊಳ್ಳುವಷ್ಟರಲ್ಲಿ ಒಳಗೆ ಹೆಂಡತಿ ಸ್ನೇಹಲತಾ ಮಿಕ್ಸಿ ತಿರುಗಿಸಿದರು. ಒಂಬತ್ತು ಒತ್ತಿದರು. "ಅಭಿನಂದನೆಗಳು," ಎಂದಿತು ಯಂತ್ರ. "ಇದೇ ಹಾಡನ್ನು ಮುಂದಿನ ಒಂದು ವರ್ಷಕ್ಕೆ ನಿಮ್ಮದಾಗಿಸಿಕೊಂಡಿದ್ದೀರಿ."

"ಕೊಡಿ ಇಲ್ಲಿ," ಎಂದರು ಟೀಚರ್. "ಇದೆಲ್ಲ ಸೆಟ್ಟಿಂಗ್ಸಲ್ಲಿ ಇರ್ತದೆ. ಕಂಪನಿಯವರ ಕಾಲು ಹಿಡಿಯುವ ಅಗತ್ಯ ಇಲ್ಲ."

ಟೀಚರ್ ಸೆಟ್ಟಿಂಗ್ಸಿನ ಒಳಗೆ ಇಳಿದರು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹಳೆಯ ಮನೆಯ ಕತ್ತಲೆಕೋಣೆಗಳ ಹಾಗೆ ಬಾಗಿಲುಗಳು ತೆರೆಯುತ್ತ ಹೋದವು. ಕೊನೆಗೆ ಕಾಲ್ ಫಾರ್ವರ್ಡಿಂಗ್ ಎಂಬ ಬಾಗಿಲ ಮುಂದೆ ನಿಂತರು.

"ಸಿಕ್ಕಿತು ನೋಡಿ. ಫಾರ್ವರ್ಡ್ ಅಂದ್ರೆ ಎಂತ? ಮುಂದೆ ಕಳಿಸುದು. ಇದನ್ನು ಆನ್ ಮಾಡಿದ್ರೆ ಕಾಲು ಆ ಹಾಡಿನ ಹತ್ರ ನಿಲ್ಲದೆ ಸೀದಾ ಮುಂದೆ ಬರ್ತದೆ."

ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವರ ಅರ್ಥವಿವರಣೆಗೆ ಎದುರಾಡುವ ಧೈರ್ಯ ಅಡ್ಯಂತಾಯರಿಗಿರಲಿಲ್ಲ. ಅವರು ಇನ್ನೊಂದು ಕೆನ್ನೆ ಕೆರೆಯಲು ಒಳಗೆ ಹೋದರು. ಫೋನು ಒಂದು ನಂಬರು ಕೇಳಿತು. ಹೆಸರುಗಳ ಪಟ್ಟಿ ತಾನಾಗಿ ತೆರೆದುಕೊಂಡಿತು. ಟೀಚರ್ ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು ಒತ್ತಿದರು. ಹಾಜರಿ ಪುಸ್ತಕದಲ್ಲಿ ಮೇಲಿನ ಹೆಸರನ್ನೇ ಮೊದಲು ಕೂಗುವುದು ಅವರ ರೂಢಿ.

ಮೇಲಿದ್ದ ಹೆಸರು 'ಎಎ ಅಣ್ಣ' ಎಂದು. ಎಂಟು ವರ್ಷದ ಹಿಂದೆ ಹೆಸರುಗಳನ್ನು ತುಂಬಿಸಿಕೊಟ್ಟ ಸ್ನೇಹಲತಾ, ತನ್ನ ಅಣ್ಣ ಯಾರಿಗಿಂತಲೂ ಕೆಳಗಿರಬಾರದೆಂದು ಎರಡು 'ಎ' ಸೇರಿಸಿದ್ದರು.

ಆ ಅಣ್ಣ ಸುಂದರ ಮಾರ್ಲ. ಒಂದು ಕಾಲದಲ್ಲಿ ಭಾವಂದಿರಿಬ್ಬರೂ ಸೇರಿ ಬೈಕಂಪಾಡಿಯಲ್ಲಿ ಗೋಡಂಬಿ ತುಂಬುವ ತಗಡಿನ ಡಬ್ಬ ಮಾಡುತ್ತಿದ್ದರು. ಆರು ವರ್ಷದ ಹಿಂದೆ ಒಂದು ಲೋಡು ಡಬ್ಬಕ್ಕೆ ಮುಚ್ಚಳ ಕೂರದೆ ವಾಪಸು ಬಂತು. ಮುಚ್ಚಳ ಸೊಟ್ಟ ಎಂದರು ಡಬ್ಬ ನೋಡಿಕೊಳ್ಳುತ್ತಿದ್ದ ಸುಂದರ ಮಾರ್ಲರು. ಡಬ್ಬ ಸೊಟ್ಟ ಎಂದರು ಮುಚ್ಚಳ ನೋಡಿಕೊಳ್ಳುತ್ತಿದ್ದ ಅಡ್ಯಂತಾಯರು. ಇಬ್ಬರ ಅಜ್ಜಂದಿರೂ ಗದ್ದೆಯ ಬದುವಿಗಾಗಿ ಜಗಳಾಡಿದವರು. ಗದ್ದೆ ಹೋದ ಮೇಲೆ ಮೊಮ್ಮಕ್ಕಳಿಗೆ ಜಗಳಕ್ಕೆ ಶೆಡ್ಡೇ ಸಿಕ್ಕಿದ್ದು. ಅದರ ನಡುವೆ ಗೋಡೆ ಎದ್ದಿತು. ಅಂದಿನಿಂದ ಗೋಡೆಯ ಆಚೆ ಡಬ್ಬ ಮಾತ್ರ, ಈಚೆ ಮುಚ್ಚಳ ಮಾತ್ರ. ಗಿರಾಕಿಗಳು ಅಲ್ಲಿಂದ ಡಬ್ಬ, ಇಲ್ಲಿಂದ ಮುಚ್ಚಳ ಕೊಂಡು ರಸ್ತೆ ಬದಿಯಲ್ಲಿ ಹೊಂದಿಸಿ ನೋಡಿಕೊಂಡು ಹೋಗುತ್ತಿದ್ದರು. ಭಾವಂದಿರು ಮಾತು ಬಿಟ್ಟು ಆರು ವರ್ಷ. ಅಡ್ಯಂತಾಯರು ಆ ಹೆಸರನ್ನು ಫೋನಿನಿಂದ ಅಳಿಸಿರಲಿಲ್ಲ. ಯಾರ ಫೋನು ಎತ್ತಬಾರದು ಎಂದು ತಿಳಿಯಬೇಕಾದರೂ ಹೆಸರು ಇರಬೇಕಲ್ಲ.

ಟೀಚರ್ ಪರೀಕ್ಷೆಗೆಂದು ಇನ್ನೊಮ್ಮೆ ಕರೆ ಮಾಡಿದರು. "ಹಾಡು ಹೋಯ್ತು. ಚಂದಕ್ಕೆ ಟ್ರಿಂಗ್ ಟ್ರಿಂಗ್ ಅಂತದೆ."

"ಆದ್ರೆ ಇಲ್ಲಿ ರಿಂಗ್ ಆಗುದಿಲ್ಲ," ಎಂದರು ಮುಖ ಒರೆಸುತ್ತ ಹೊರಬಂದ ಅಡ್ಯಂತಾಯರು, ತಮ್ಮ ಫೋನು ತೆಗೆದುಕೊಂಡು ನೋಡುತ್ತ.

"ಮೇಲೆ ಸ್ಯಾಟಲೈಟಿಗೆ ಹೋಗಿ ಕೆಳಗೆ ಬರ್ಬೇಕಲ್ಲ ಮಾರಾಯ್ರೆ. ಸ್ವಲ್ಪ ಹೊತ್ತು ಬೇಡ್ವಾ?" ಎಂದು ಟೀಚರ್ ಫೋನು ಕಟ್ ಮಾಡಿ, ಒಂದು ಮನೆ ಉದ್ಧಾರ ಮಾಡಿದ ತೃಪ್ತಿಯಲ್ಲಿ ಹೊರಟರು. ಬಾಗಿಲಲ್ಲಿ ತಿರುಗಿ, "ಹುಡುಗಿಯ ಸೋದರಮಾವನ ಒಪ್ಪಿಗೆ ಉಂಟಾ ಅಂತ ಆಳ್ವರು ಕೇಳಿಯೇ ಕೇಳ್ತಾರೆ. ಉಂಟು ಅಂತ ನೀವು ಹೇಳಿದ್ದನ್ನು ನಾನು ದಾಟಿಸಿದ್ದೇನೆ. ಈಗ ತಡವರಿಸ್ಬೇಡಿ," ಎಂದರು.

ಅಡ್ಯಂತಾಯರು ಹೂಂ ಎಂದರು. ಅವರ ಸೀಮೆಯಲ್ಲಿ ಸೋದರಮಾವ ತಲೆಯಾಡಿಸದೆ ಹುಡುಗಿಯ ನಿಶ್ಚಿತಾರ್ಥ ನಡೆಯುವುದಿಲ್ಲ. ಅಪ್ಪ ಒಪ್ಪಿದರೂ ಬಿಟ್ಟರೂ ಅಷ್ಟೇ. ಸುಂದರ ಮಾರ್ಲರ ಒಪ್ಪಿಗೆ ಇರಲಿ, ಮನ್ವಿತಾಳಿಗೆ ಸಂಬಂಧ ನೋಡುತ್ತಿದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಬೈಕಂಪಾಡಿಯ ಶೆಡ್ಡಿನಲ್ಲಿ ಆ ಬೆಳಗು ಅಪರೂಪದ ಶಾಂತಿಯಿಂದ ಕಳೆಯಿತು. ಫೋನು ಒಮ್ಮೆಯೂ ರಿಂಗಾಗಲಿಲ್ಲ. ಸಾಲ ಬೇಕೇ ಎಂದು ಕೇಳುವವರೂ ಇಲ್ಲ, ಸೈಟು ಬೇಕೇ ಎಂದು ಕೇಳುವವರೂ ಇಲ್ಲ. ಹತ್ತು ಗಂಟೆಗೆ ಅಡ್ಯಂತಾಯರಿಗೆ ಸಂತೋಷವಾಯಿತು, ಹನ್ನೊಂದಕ್ಕೆ ಸಂಶಯ ಬಂತು. ಹನ್ನೊಂದೂವರೆಗೆ ಸೂಪರ್‌ವೈಸರ್ ಅಬ್ದುಲ್ಲ ತಲೆ ಕೆರೆಯುತ್ತ ಬಂದು ನಿಂತ.

"ಧಣಿ, ನೀವು ಹೇಳಿದ ಹಾಗೆ ಎರಡನೇ ಮೆಷಿನ್ ನಿಲ್ಲಿಸಿದೆ."

"ನಾನು ಯಾವಾಗ ಹೇಳಿದೆ?"

"ಆಗ ಶೀಟ್ ತರ್ಲಿಕ್ಕೆ ಹೋದಲ್ಲಿಂದ ಫೋನ್ ಮಾಡಿದೆನಲ್ಲ. ಎರಡನೇ ಮೆಷಿನಿನ ಮುಚ್ಚಳ ಆರು ವರ್ಷದಿಂದ ಸೊಟ್ಟ ಬರ್ತಾ ಉಂಟು, ಇವತ್ತೇ ನಿಲ್ಲಿಸು ಅಂದ್ರಿ. ಸ್ವರ ದಪ್ಪ ಇತ್ತು, ಶೀತ ಆಗಿದೆ ಅಂದ್ಕೊಂಡೆ. ನಂಗೂ ಆಶ್ಚರ್ಯ ಆಯ್ತು. ಕಡೆಗಾದ್ರೂ ಒಪ್ಪಿದ್ರಲ್ಲ ಅಂತ ಖುಷಿಯೂ ಆಯ್ತು."

ಅಡ್ಯಂತಾಯರು ಬಾಯಿ ತೆರೆಯುವ ಮೊದಲೇ ಅಬ್ದುಲ್ಲನ ಫೋನು ಬಡಿದುಕೊಂಡಿತು. ಅತ್ತ ಸ್ನೇಹಲತಾ. ಅಬ್ದುಲ್ಲ ಫೋನನ್ನು ಧಣಿಯ ಕೈಗಿತ್ತ.

"ನಿಮ್ಮ ಫೋನು ಅಣ್ಣನ ಹತ್ರ ಎಂತಕ್ಕೆ ಉಂಟು?" ಸ್ನೇಹಲತಾರ ಸ್ವರದಲ್ಲಿ ಅಳುವೂ ನಗುವೂ ಕಲಸಿಕೊಂಡಿತ್ತು. "ನಿಮಗೆ ಅಂತ ಮಾಡಿದ್ರೆ ಅಣ್ಣ ಎತ್ತಿದ. ಮೊದಲು ಮೋಹನದಾಸ ಮಾತಾಡುದು ಅಂದ, ನನ್ನ ಸ್ವರ ಕೇಳಿ ಸುಮ್ಮನಾದ. ಆಮೇಲೆ ಊಟ ಆಯ್ತಾ ಅಂತ ಕೇಳಿದ. ಇಷ್ಟು ವರ್ಷದ ಮೇಲೆ ನೀವಿಬ್ಬರು ರಾಜಿ ಆದದ್ದನ್ನು ನನಗೆ ಹೇಳ್ಬಾರ್ದಾ?"

ಅಡ್ಯಂತಾಯರು ಗೋಡೆಯನ್ನು ನೋಡಿದರು. ಬೆಳಿಗ್ಗೆಯಿಂದ ಆಚೆ ಕಡೆ ಯಾಕೆ ಅಷ್ಟು ನಗು ಕೇಳುತ್ತಿತ್ತು ಎಂಬುದು ಈಗ ತಿಳಿಯಿತು. ಟೀಚರ್ ತೆರೆದ ಬಾಗಿಲು ಎಲ್ಲಿಗೆ ಹೋಗುತ್ತದೆ ಎಂಬುದೂ ತಿಳಿಯಿತು.

"ಆಳ್ವರ ಫೋನ್ ಬಂತಾ?" ಎಂದರು, ತೊದಲುತ್ತ.

"ಇಲ್ಲ. ಊಟ ಆಗಿ ಮೂರು ಗಂಟೆಗೆ ಮಾಡ್ತಾರಂತೆ, ಟೀಚರ್ ಹೇಳಿದ್ರು."

ಗಂಟೆ ಹನ್ನೆರಡೂ ಕಾಲು. ಗೋಡೆಯ ಬದಿಯಿಂದ ಸುತ್ತಿ ಹೋದರೆ ಸುಂದರ ಮಾರ್ಲರ ಕುರ್ಚಿ ಮೂವತ್ತು ಹೆಜ್ಜೆ. ಗರುಡಟೆಲ್‌ನ ಮಳಿಗೆ ಇರುವ ಪಂಪ್‌ವೆಲ್ಲಿಗೆ, ಕೂಳೂರು ಸೇತುವೆಯ ಮೇಲಿನ ಲಾರಿಗಳ ಸಾಲು ದಾಟಿ, ಹದಿನಾಲ್ಕು ಕಿಲೋಮೀಟರು. ಟೀಚರಿಗೆ ಹೇಳಿ ಬೇರೆ ನಂಬರಿಗೆ ಫೋನ್ ಮಾಡಿಸೋಣವೆಂದರೆ ಒಪ್ಪಿಗೆಯ ಸುಳ್ಳೂ ಹೊರಬೀಳುತ್ತಿತ್ತು. ಮರ್ಯಾದಸ್ಥರಾದ ಅಡ್ಯಂತಾಯರು ಪಂಪ್‌ವೆಲ್ಲಿಗೆ ಹೊರಟರು. ಸೆಟ್ಟಿಂಗ್ಸಿನೊಳಗೆ ತಾವೇ ಇಳಿದು ನೋಡೋಣವೆಂದು ಸಿಗ್ನಲಿನಲ್ಲಿ ನಿಂತಾಗೊಮ್ಮೆ ಪ್ರಯತ್ನಿಸಿದರು. ಅಕ್ಷರಗಳು ಎರಡು ಪಟ್ಟು ದೊಡ್ಡವಾದವು, ಪರದೆ ಕಪ್ಪಾಯಿತು, ಮುಟ್ಟಿದ್ದನ್ನೆಲ್ಲ ಫೋನು ಗಟ್ಟಿಯಾಗಿ ಓದಿ ಹೇಳತೊಡಗಿತು. ಫಾರ್ವರ್ಡಿಂಗ್ ಮಾತ್ರ ಎಲ್ಲಿದೆಯೆಂದು ಗೊತ್ತಾಗಲಿಲ್ಲ.

ಮಳಿಗೆ ತಂಪಾಗಿತ್ತು. ಗೋಡೆಯ ಮೇಲೆ 'ಎಲ್ಲೆಲ್ಲೂ ಗರುಡಟೆಲ್' ಎಂದು ಬರೆದಿತ್ತು. ಟೋಕನ್ ನಲವತ್ತೇಳು ಸಿಕ್ಕಿತು. ಒಳಗೆ ನಡೆಯುತ್ತಿದ್ದದ್ದು ಮೂವತ್ತೊಂದು. ಅವರ ಸರದಿ ಬಂದಾಗ ಗಂಟೆ ಎರಡಾಗಿತ್ತು.

ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಚೈತಾಲಿ ಎಂಬ ಹೆಸರೂ, ಮುಖದ ಮೇಲೆ ಕಂಪನಿ ಕೊಟ್ಟ ನಗುವೂ ಇತ್ತು. ಅಡ್ಯಂತಾಯರು ಹೇಳಿದ್ದನ್ನೆಲ್ಲ ಅದೇ ನಗುವಿನಲ್ಲಿ ಕೇಳಿದಳು.

"ಸರ್, ಭದ್ರತೆಗೋಸ್ಕರ ಒಂದು ಓಟಿಪಿ ಬರ್ತದೆ. ಅದನ್ನು ಹೇಳಿ."

ಅಡ್ಯಂತಾಯರು ಫೋನು ನೋಡಿದರು. ಸಿಗ್ನಲಿನ ಒಂದು ಗೆರೆಯೂ ಇರಲಿಲ್ಲ.

"ಇಲ್ಲಿ ನೆಟ್‌ವರ್ಕ್ ಇಲ್ವಲ್ಲ."

"ಒಳಗೆ ಸಿಗುದಿಲ್ಲ ಸರ್. ಫ್ಲೈಓವರಿನ ಕೆಳಗೆ ಹೋದ್ರೆ ಚೆನ್ನಾಗಿ ಸಿಗ್ತದೆ. ಬಸ್‌ಸ್ಟಾಪಿನ ಹತ್ರ ನಿಲ್ಲಿ."

ಐವತ್ತೊಂಬತ್ತರ ಅಡ್ಯಂತಾಯರು ಎರಡು ಬಸ್ಸುಗಳ ನಡುವೆ ನುಸುಳಿ ಫ್ಲೈಓವರಿನ ಕೆಳಗೆ ನಿಂತರು. ಓಟಿಪಿ ಬಂತು. ಆರು ಅಂಕಿಗಳನ್ನು ಬಾಯಲ್ಲಿ ಜಪಿಸುತ್ತ ರಸ್ತೆ ದಾಟಿ ಓಡಿಬಂದರು. ಅದು ಮೂವತ್ತು ಸೆಕೆಂಡಿನ ಓಟಿಪಿ, ಅವರದ್ದು ಐವತ್ತು ಸೆಕೆಂಡಿನ ಓಟ. ಅವಧಿ ಮುಗಿದಿದೆ ಎಂದಳು ಚೈತಾಲಿ. ಎರಡನೇ ಸಲ ಓಡುವಾಗ ಉಡುಪಿ ಬಸ್ಸಿನ ಕಂಡಕ್ಟರ್ ಅವರನ್ನು ಪ್ರಯಾಣಿಕನೆಂದು ತಿಳಿದು ಒಳಗೆ ಎಳೆದುಕೊಂಡ. ಮೂರನೇ ಸಲ ಅವರು ಜಾಣರಾದರು. ಓಟಿಪಿ ಬಂದ ಕೂಡಲೆ ಓಡಿ, ಕೌಂಟರಿನವರೆಗೆ ಹೋಗದೆ ಮಳಿಗೆಯ ಬಾಗಿಲಿನಿಂದಲೇ ಆರೂ ಅಂಕಿಗಳನ್ನು ಕೂಗಿ ಹೇಳಿದರು. ಸೋಫಾದಲ್ಲಿದ್ದ ಹದಿನೈದು ಜನ ಕೇಳಿಸಿಕೊಂಡರು. ಇಬ್ಬರು ಬರೆದುಕೊಂಡಂತೆಯೂ ಕಂಡಿತು. 'ಓಟಿಪಿಯನ್ನು ಯಾರಿಗೂ ಹೇಳಬೇಡಿ' ಎಂಬ ಫಲಕ ಅವರ ತಲೆಯ ಮೇಲೆಯೇ ತೂಗುತ್ತಿತ್ತು.

"ಆಯ್ತು ಸರ್," ಎಂದಳು ಚೈತಾಲಿ. "ಇನ್ನು ಒಂದೇ ಸ್ಟೆಪ್. ಹೆಡ್ಡಾಫೀಸಿನಿಂದ ನಿಮಗೆ ಒಂದು ವೆರಿಫಿಕೇಶನ್ ಕಾಲ್ ಬರ್ತದೆ. ಅದಕ್ಕೆ ಸರಿ ಅಂತ ಹೇಳಿದ್ರೆ ಮುಗೀತು."

"ಯಾವ ನಂಬರಿಗೆ ಬರ್ತದೆ?"

"ನಿಮ್ಮ ನಂಬರಿಗೇ ಸರ್."

ಅಡ್ಯಂತಾಯರು ಒಂದು ಕ್ಷಣ ಅವಳ ಮುಖ ನೋಡಿದರು. "ನನ್ನ ನಂಬರಿಗೆ ಬಂದದ್ದೆಲ್ಲ ಬೇರೆಯವರಿಗೆ ಹೋಗ್ತಾ ಉಂಟು, ಅದನ್ನು ನಿಲ್ಲಿಸಿ ಅಂತ್ಲೇ ನಾನು ಬಂದದ್ದು."

"ಹೌದು ಸರ್. ಅದಕ್ಕೇ ಕನ್ಫರ್ಮ್ ಮಾಡ್ಬೇಕಲ್ಲ." ಅವಳು ಪರದೆ ನೋಡಿದಳು. "ಕಾಲ್ ಹೋಗಿದೆ ಸರ್. ಎತ್ತಿದ್ದೀರಿ."

"ನಾನು ಎತ್ತಲಿಲ್ಲ."

"ಮಾತಾಡ್ತಾ ಇದ್ದೀರಿ ಸರ್." ಅರ್ಧ ನಿಮಿಷ ಕಳೆಯಿತು. "ಸರ್, ನೀವು ಬೇಡ ಅಂದ್ರಿ."

"ಎಂತ ಬೇಡ?"

"ಫಾರ್ವರ್ಡಿಂಗ್ ನಿಲ್ಲಿಸುದು ಬೇಡ, ಹಾಗೇ ಇರ್ಲಿ ಅಂದಿದ್ದೀರಿ. ಸೇವೆ ಹೇಗುಂಟು ಅಂತ ಕೇಳಿದ್ದಕ್ಕೆ ಐದರಲ್ಲಿ ಐದು ಕೊಟ್ಟಿದ್ದೀರಿ. ಥ್ಯಾಂಕ್ಯೂ ಸರ್."

"ಅಮ್ಮಾ, ನಾನು ನಿಮ್ಮ ಎದುರು ನಿಂತಿದ್ದೇನೆ. ನನ್ನ ಬಾಯಿ ಮುಚ್ಚಿತ್ತು. ನೀವೇ ನೋಡಿದ್ದೀರಿ."

"ನನಗೆ ಅರ್ಥ ಆಗ್ತದೆ ಸರ್. ಆದ್ರೆ ಸಿಸ್ಟಮಲ್ಲಿ ನೀವು ಬೇಡ ಅಂದಾಗಿದೆ. ಗ್ರಾಹಕರ ಇಚ್ಛೆಗೆ ವಿರುದ್ಧವಾಗಿ ನಾವು ಏನೂ ಮಾಡ್ಲಿಕ್ಕೆ ಆಗುದಿಲ್ಲ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಬನ್ನಿ." ಅವಳು ಅದೇ ನಗುವನ್ನು ಟೋಕನ್ ನಲವತ್ತೆಂಟರ ಕಡೆ ತಿರುಗಿಸಿದಳು.

ಗಂಟೆ ಎರಡು ನಲವತ್ತು. ಅಡ್ಯಂತಾಯರ ಕಾರು ಕೂಳೂರು ಸೇತುವೆಯ ಮೇಲೆ ಗ್ಯಾಸ್ ಟ್ಯಾಂಕರೊಂದರ ಹಿಂದೆ ನಿಂತಿದ್ದಾಗ ಮೂರು ಹೊಡೆಯಿತು. ಆ ಹೊತ್ತಿಗೆ ಸುಂದರ ಮಾರ್ಲರ ಮೇಜಿನ ಮೇಲೆ ಏನು ನಡೆಯುತ್ತಿರಬಹುದು ಎಂದು ಅವರು ನೆನೆದರು. ಆರು ವರ್ಷದ ಸಿಟ್ಟು ಒಂದು ಕಡೆ, ಕೈಗೆ ತಾನಾಗಿ ಬಂದು ಬಿದ್ದ ಫೋನು ಇನ್ನೊಂದು ಕಡೆ. ಒಂದೇ ಮಾತು ಸಾಕು. ಮನ್ವಿತಾ ನಿನ್ನೆ ರಾತ್ರಿ ಊಟಕ್ಕೆ ಕೂತಾಗ, ಯಾರೂ ಕೇಳದೆಯೇ, ಅಶ್ವಿತ್‌ಗೆ ಹಾಗಲಕಾಯಿ ಇಷ್ಟವಂತೆ ಎಂದು ತನ್ನಷ್ಟಕ್ಕೆ ಹೇಳಿ ನಕ್ಕದ್ದು ನೆನಪಾಯಿತು. ಅಡ್ಯಂತಾಯರು ಹಾರ್ನಿನ ಮೇಲೆ ಕೈ ಇಟ್ಟವರು ಬೈಕಂಪಾಡಿಯವರೆಗೆ ತೆಗೆಯಲಿಲ್ಲ.

ಡಬ್ಬದ ಶೆಡ್ಡಿನ ಬಾಗಿಲಲ್ಲಿ ಅವರು ಕಾಣಿಸಿಕೊಂಡಾಗ ಮೂರು ಇಪ್ಪತ್ತೈದು. ಕೆಲಸದವರ ಸುತ್ತಿಗೆಗಳು ಒಂದೊಂದಾಗಿ ನಿಂತವು. ಸುಂದರ ಮಾರ್ಲರು ಕುರ್ಚಿಯಲ್ಲಿ ಒರಗಿ ಕೂತಿದ್ದರು. ಖಾಲಿ ಡ್ರಮ್ಮು ಉರುಳಿಸಿದಂಥ ಅವರ ಸ್ವರ ಶೆಡ್ಡನ್ನು ತುಂಬಿತು.

"ಬಾ ಭಾವ, ಕೂತ್ಕೊ. ನಿನಗೆ ಇಪ್ಪತ್ತಮೂರು ಫೋನ್ ಬಂತು. ಎಂತ ಮಾರಾಯ, ನಿನಗೆ ಇಷ್ಟು ಕೆಲಸ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಆಳ್ವರು ಮಾಡಿದ್ರಾ?" ಅಡ್ಯಂತಾಯರ ಸ್ವರ ಮೊದಲೇ ಸಣ್ಣದು. ಈಗ ನೆಲಕ್ಕೆ ಬಿದ್ದ ಮುಚ್ಚಳದ ಹಾಗೆ ಅದು ಗಿರಗಿರ ತಿರುಗಿ ನಿಂತಿತು.

"ಸರಿಯಾಗಿ ಮೂರಕ್ಕೆ. ಇಪ್ಪತ್ತು ನಿಮಿಷ ಮಾತಾಡಿದ್ರು. ಮಾತಾಡಿದ್ದಲ್ಲ ಅದು, ವಿಚಾರಣೆ. ಮೋಹನದಾಸರಾ ಅಂತ ಕೇಳಿದ್ರು. ಬೆಳಿಗ್ಗೆಯಿಂದ ಹೌದು ಹೌದು ಅಂತ ಹೇಳಿ ರೂಢಿ ಆಗಿತ್ತಲ್ಲ, ಹೌದು ಅಂದೆ."

"ಆಮೇಲೆ?"

"ಸೋದರಮಾವನ ಒಪ್ಪಿಗೆ ಉಂಟು ಅಂತ ನೀವು ಟೀಚರ ಹತ್ರ ಹೇಳಿದ್ದು ಹೌದಾ ಅಂತ ಕೇಳಿದ್ರು." ಮಾರ್ಲರು ಕಿಟಕಿಯ ಕಡೆ ನೋಡಿದರು. "ನನ್ನ ತಂಗಿಯ ಮಗಳಿಗೆ ಸಂಬಂಧ ಬಂದದ್ದು ನನಗೆ ಗೊತ್ತಾದದ್ದು ಆಗ."

ಅಡ್ಯಂತಾಯರು ಕಾಲಬುಡದ ತಗಡಿನ ಚೂರೊಂದನ್ನು ಪಾದದಿಂದ ಬದಿಗೆ ಸರಿಸಿದರು.

"ಸತ್ಯ ಹೇಳಿಬಿಟ್ಟೆ," ಎಂದರು ಮಾರ್ಲರು. "ಆಳ್ವರೆ, ನಾನು ಟೀಚರ ಹತ್ರ ಸುಳ್ಳು ಹೇಳಿದ್ದೆ. ಭಾವನ ಹತ್ರ ಆರು ವರ್ಷದಿಂದ ಮಾತಿಲ್ಲ. ನನ್ನ ಭಾವ ಸುಂದರ ಬಂಗಾರದಂಥ ಮನುಷ್ಯ. ತಪ್ಪು ಪೂರಾ ನನ್ನದು. ಮುಚ್ಚಳ ಸೊಟ್ಟ ಇದ್ದದ್ದು ಹೌದು. ಇವತ್ತೇ ಹೋಗಿ ಅವನ ಕ್ಷಮೆ ಕೇಳ್ತೇನೆ, ಒಪ್ಪಿಗೆ ತರ್ತೇನೆ ಅಂತ ಹೇಳಿದೆ. ನಿನ್ನ ಪರವಾಗಿ."

ಅಡ್ಯಂತಾಯರ ಮುಖ ಕೆಂಪಾಯಿತು. ಕೈ ಮೇಜಿನ ಮೇಲಿದ್ದ ಡಬ್ಬವೊಂದರ ಕಡೆ ಹೋಯಿತು.

"ತಡಿ. ಆಳ್ವರು ಎಂತ ಹೇಳಿದ್ರು ಅಂತ ಕೇಳು. ಮೂವತ್ತು ವರ್ಷದ ಸರ್ವಿಸಿನಲ್ಲಿ ಕೇಳುವ ಮೊದಲೇ ತಪ್ಪು ಒಪ್ಪಿಕೊಂಡ ಮನುಷ್ಯನನ್ನು ನೋಡಿದ್ದು ಇದೇ ಫಸ್ಟಂತೆ. ಇಂಥವರ ಮನೆಯ ಹುಡುಗಿಯೇ ನಮಗೆ ಬೇಕು ಅಂದ್ರು. ಸೋದರಮಾವ ಹೂಂ ಅಂದ್ರೆ ಭಾನುವಾರವೇ ನಿಶ್ಚಿತಾರ್ಥ."

ಡಬ್ಬದ ಮೇಲಿದ್ದ ಕೈ ಅಲ್ಲೇ ಸಡಿಲವಾಯಿತು. ಅಡ್ಯಂತಾಯರು ಕುರ್ಚಿ ಎಳೆದು ಕೂತರು.

"ನೀನು ಕೆಡಿಸ್ತೀ ಅಂತ ಅಂದ್ಕೊಂಡಿದ್ದೆ," ಎಂದರು.

"ಮನ್ವಿತಾ ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ನಾನು. ನೀನು ಆಗ ತಗಡು ತರ್ಲಿಕ್ಕೆ ಹೋಗಿದ್ದಿ. ನನಗೆ ಮರುಳಾ ಅವಳ ಮದುವೆ ಕೆಡಿಸ್ಲಿಕ್ಕೆ?" ಮಾರ್ಲರು ಫ್ಲಾಸ್ಕಿನಿಂದ ಎರಡು ಗ್ಲಾಸಿಗೆ ಚಹಾ ಬಗ್ಗಿಸಿದರು. "ಕ್ಷಮೆ ಕೇಳುದು ಬೇಡ. ನಿನ್ನ ಪರವಾಗಿ ನಾನೇ ಕೇಳಿ ಆಗಿದೆ."

ಆರು ವರ್ಷದ ಮೇಲೆ ಭಾವಂದಿರು ಎದುರುಬದುರು ಕೂತು ಚಹಾ ಕುಡಿದರು. ಅಡ್ಯಂತಾಯರು ಪಂಪ್‌ವೆಲ್ಲಿನ ಕತೆ ಹೇಳಿದಾಗ ಮಾರ್ಲರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇದಕ್ಕೆ ಪಂಪ್‌ವೆಲ್ಲಿಗೆ ಹೋದಿಯಾ? ಎರಡು ಹ್ಯಾಷ್ ಒತ್ತು. ಸೊನ್ನೆ, ಸೊನ್ನೆ, ಎರಡು. ಮತ್ತೊಂದು ಹ್ಯಾಷ್. ಈಗ ಹಸಿರು ಬಟನ್."

ಅಡ್ಯಂತಾಯರು ಒತ್ತಿದರು. ಎಲ್ಲ ಫಾರ್ವರ್ಡಿಂಗ್ ರದ್ದಾಗಿದೆ ಎಂದು ಪರದೆ ಹೇಳಿತು. ಈ ಆರು ಗುಂಡಿಗಳ ವಿಷಯವನ್ನು ಗರುಡಟೆಲ್‌ನವರು ಅದೆಷ್ಟು ಭದ್ರವಾಗಿ ಬಚ್ಚಿಟ್ಟಿದ್ದರು ಎಂದು ಅವರಿಗೆ ಆಶ್ಚರ್ಯವಾಯಿತು. ಅಷ್ಟರಲ್ಲಿ, ಎಂಟು ಗಂಟೆಗಳ ಮೌನ ಮುರಿದು, ಅವರ ಸ್ವಂತ ಕೈಯಲ್ಲಿ ಅವರ ಸ್ವಂತ ಫೋನು ರಿಂಗಾಯಿತು.

"ಆಳ್ವರ ನಂಬರು," ಎಂದರು ಮಾರ್ಲರು ಬಗ್ಗಿ ನೋಡಿ.

ಅಡ್ಯಂತಾಯರು ಗಂಟಲು ಸರಿಮಾಡಿಕೊಂಡು ತಮ್ಮ ಸಣ್ಣ ಸ್ವರದಲ್ಲಿ, "ನಮಸ್ಕಾರ ಆಳ್ವರೆ," ಎಂದರು.

ಆಚೆ ಕಡೆಯ ಸ್ವರ ಗಡುಸಾಗಿತ್ತು. "ಯಾರದು? ಓಡಿಬಿಡೋ ಅಂತ ಹಾಡು ಬೇರೆ!"

"ನಾನು ಮೋಹನದಾಸ."

"ಮೋಹನದಾಸರ ಹತ್ರ ನಾನು ಮೂರು ಗಂಟೆಗೆ ಮಾತಾಡಿದ್ದೇನೆ. ಅವರ ಸ್ವರ ನನಗೆ ಗೊತ್ತುಂಟು. ಯಾವನು ನೀನು?"

"ಅಲ್ಲ, ನಾನೇ ನಿಜವಾದ..."

"ನಿಜವಾದವನು ಅಂತ ಹೇಳಿಕೊಳ್ಳುವವನನ್ನೇ ನಾವು ಮೊದಲು ಒಳಗೆ ಹಾಕುದು. ಹುಡುಗಿಯ ಅಪ್ಪನ ನಂಬರಿನಲ್ಲಿ ಬೇರೆಯವನು ಕೂತು ಮಾತಾಡುದು ಅಂದ್ರೆ ಅದಕ್ಕೆ ಸೆಕ್ಷನ್ ಉಂಟು. ಸಿಮ್ ಕದ್ದಿದ್ದೀಯಾ? ಕೊನೆಯ ಎರಡು ವರ್ಷ ನಾನು ಸೈಬರ್ ಠಾಣೆಯಲ್ಲೇ ಇದ್ದವನು. ಒಂದು ನಿಮಿಷದೊಳಗೆ ಮೋಹನದಾಸರ ಸ್ವರ ಕೇಳದಿದ್ರೆ ನಿನ್ನ ಲೊಕೇಶನ್ ತೆಗೆಸ್ತೇನೆ."

ಅಡ್ಯಂತಾಯರು ಫೋನಿನ ಬಾಯಿಗೆ ಕೈ ಅಡ್ಡ ಇಟ್ಟು ಭಾವನನ್ನು ನೋಡಿದರು. "ನಿಜ ಹೇಳಿಬಿಡ್ಲಾ?"

"ಹೇಳು," ಎಂದರು ಮಾರ್ಲರು. "ಮೂರು ಗಂಟೆಗೆ ಇನ್ನೊಬ್ಬನ ಹೆಸರಲ್ಲಿ ಮಾತಾಡಿದವನು ನಾನು ಅಂತ ಗೊತ್ತಾದ್ರೆ ಸೆಕ್ಷನ್ ನನಗೆ. ಪೊಲೀಸನಿಗೆ ಇಪ್ಪತ್ತು ನಿಮಿಷ ಟೋಪಿ ಹಾಕಿದ ಮನೆಯ ಹುಡುಗಿಯನ್ನು ಅವರು ತಕೊಳ್ತಾರಾ, ಯೋಚನೆ ಮಾಡು."

ಮೂವತ್ತು ಸೆಕೆಂಡು ಕಳೆದಿತ್ತು. ಅಡ್ಯಂತಾಯರು ಫೋನನ್ನು ಮೆಲ್ಲನೆ ಭಾವನ ಕೈಗಿತ್ತರು.

"ನಮಸ್ಕಾರ ಆಳ್ವರೆ, ಮೋಹನದಾಸ ಮಾತಾಡುದು," ಎಂದು ಡ್ರಮ್ಮು ಉರುಳಿತು. "ಕ್ಷಮಿಸಿ. ಆಗ ಎತ್ತಿದ್ದು ನಮ್ಮ ಭಾವ ಸುಂದರ. ಅವನಿಗೆ ಸ್ವಲ್ಪ ತಮಾಷೆ ಜಾಸ್ತಿ, ಆ ಹಾಡೂ ಅವನದ್ದೇ ಕೆಲಸ. ಈಗಷ್ಟೇ ರಾಜಿ ಆಯ್ತು. ಇಲ್ಲೇ ಕೂತು ಚಹಾ ಕುಡೀತಾ ಇದ್ದೇವೆ. ಮಾತಾಡ್ತೀರಾ? ಕೊಡ್ತೇನೆ."

ಫೋನು ತಿರುಗಿ ಅಡ್ಯಂತಾಯರ ಕೈಗೆ ಬಂತು. ಈಗ ಅವರು ಸುಂದರ ಮಾರ್ಲರು.

"ಮಾರ್ಲರೆ, ನಿಮ್ಮ ಒಪ್ಪಿಗೆ ಉಂಟಾ?" ಆಳ್ವರ ಸ್ವರ ಮೆತ್ತಗಾಗಿತ್ತು.

"ಉಂಟು," ಎಂದರು ಅಡ್ಯಂತಾಯರು.

"ನಿಮ್ಮ ಭಾವನ ವಿಷಯ ಒಂದು ಮಾತು ಕೇಳ್ತೇನೆ. ಮನುಷ್ಯ ಹೇಗೆ?"

ಇಡೀ ದಿನದಲ್ಲಿ ಮೊದಲ ಬಾರಿಗೆ ಅಡ್ಯಂತಾಯರಿಗೆ ಒಂದು ಒಳ್ಳೆಯ ಅವಕಾಶ ಸಿಕ್ಕಿತ್ತು. "ಮೋಹನದಾಸನ ಹಾಗಿನ ಪ್ರಾಮಾಣಿಕ ಮನುಷ್ಯ ಈ ಬೈಕಂಪಾಡಿಯಲ್ಲೇ ಇಲ್ಲ," ಎಂದರು ಮನಸಾರೆ. "ಅವನ ಮುಚ್ಚಳದಲ್ಲಿ ಯಾವತ್ತೂ ದೋಷ ಇರ್ಲಿಲ್ಲ. ಸೊಟ್ಟ ಇದ್ದದ್ದು ಡಬ್ಬ."

ಆಳ್ವರು ಗದ್ಗದಿತರಾದರು. "ಎಂಥ ದೊಡ್ಡ ಮನಸ್ಸು ನಿಮ್ಮದು ಮಾರ್ಲರೆ. ಅವರು ತಪ್ಪೆಲ್ಲ ತನ್ನದೇ ಅಂತ ಬಾಯಿಬಿಟ್ಟು ಒಪ್ಪಿದ್ದಾರೆ. ಆದ್ರೂ ನೀವು ಅದನ್ನು ನಿಮ್ಮ ತಲೆಗೆ ಹಾಕ್ಕೊಳ್ತೀರಿ. ಬಂಗಾರ ಅಂತ ಅವರು ಹೇಳಿದ್ದು ಸುಮ್ಮನೆ ಅಲ್ಲ."

ಸುಂದರ ಮಾರ್ಲರು ಗ್ಲಾಸಿನ ಹಿಂದೆ ಮುಖ ಮುಚ್ಚಿಕೊಂಡರು.

"ಇನ್ನೊಂದು," ಎಂದು ಆಳ್ವರು ಮುಂದುವರಿಸಿದರು. "ಭಾನುವಾರದವರೆಗೆ ನಾನು ದಿನಕ್ಕೆ ಹತ್ತು ಸಲ ಫೋನ್ ಮಾಡ್ತೇನೆ. ತಮಾಷೆ ಸಾಕು. ಈ ನಂಬರಿನಲ್ಲಿ ಮೋಹನದಾಸರೇ ಎತ್ತಬೇಕು. ಇನ್ನೊಮ್ಮೆ ಬೇರೆ ಸ್ವರ ಕೇಳಿದ್ರೆ ನನಗೆ ನಂಬಿಕೆ ಹೋಗ್ತದೆ."

ಫೋನು ಕೆಳಗಿಟ್ಟ ಮೇಲೆ ಮಾರ್ಲರು ಉಳಿದ ಚಹಾವನ್ನು ಎರಡೂ ಗ್ಲಾಸಿಗೆ ಬಗ್ಗಿಸಿದರು.

"ಭಾನುವಾರ ಎದುರೆದುರು ಬಂದಾಗ ಎಂತ ಮಾಡುದು?" ಎಂದರು ಅಡ್ಯಂತಾಯರು.

"ನಿನಗೆ ಗಂಟಲು ಕಟ್ಟಿದೆ ಅಂತ ಹೇಳುವ. ನೀನು ಕೈ ಮುಗಿ, ಮಾತು ನಾನು ನೋಡ್ಕೊಳ್ತೇನೆ. ಅಲ್ಲಿವರೆಗಿನದ್ದಕ್ಕೆ ಎಂತ ಮಾಡ್ಬೇಕು ಅಂತ ನಿನಗೆ ಗೊತ್ತುಂಟಲ್ಲ."

ಗೊತ್ತಿತ್ತು. ಈ ಸಲ ಅಡ್ಯಂತಾಯರು ತಾವೇ ಸೆಟ್ಟಿಂಗ್ಸಿನೊಳಗೆ ಇಳಿದರು. ಇಡೀ ದಿನ ಸಿಗದ ಬಾಗಿಲು ಎರಡನೇ ಒತ್ತಿಗೇ ತೆರೆಯಿತು. ಗರುಡಟೆಲ್ ಓಟಿಪಿ ಕೇಳಲಿಲ್ಲ, ವೆರಿಫಿಕೇಶನ್ ಕೇಳಲಿಲ್ಲ, ಇಪ್ಪತ್ತನಾಲ್ಕು ಗಂಟೆ ಕಾಯಿ ಎನ್ನಲಿಲ್ಲ. ತನ್ನ ಎಲ್ಲ ಕರೆಗಳನ್ನು ಭಾವನಿಗೆ ಒಪ್ಪಿಸುವ ಕೆಲಸ ಒಂದೇ ಸೆಕೆಂಡಿನಲ್ಲಿ ಮುಗಿಯಿತು. ಅವರು ತಣ್ಣಗಾದ ಫೋನನ್ನು ಕಿಸೆಗೆ ಹಾಕಿಕೊಂಡು ಎದ್ದರು.

ಬಾಗಿಲು ದಾಟುವ ಮೊದಲೇ ಮಾರ್ಲರ ಫೋನು ಬಡಿದುಕೊಂಡಿತು.

"ಹಲೋ, ಹೌದು, ಮೋಹನದಾಸನೇ... ಹೇಳಿ ಆಳ್ವರೆ... ಅಯ್ಯೋ, ಅದರಲ್ಲಿ ಎಂತ ಉಂಟು... ಆಗ್ಲಿ, ಆಗ್ಲಿ... ನೀವು ಆ ಚಿಂತೆ ಬಿಡಿ." ಮಾರ್ಲರು ನಗುನಗುತ್ತ ಫೋನು ಇಟ್ಟರು.

"ಎಂತ ಅಂತೆ?" ಎಂದರು ಅಡ್ಯಂತಾಯರು, ಹೊಸ್ತಿಲಲ್ಲಿ ನಿಂತು.

"ನಿಶ್ಚಿತಾರ್ಥಕ್ಕೆ ಅವರ ಕಡೆಯಿಂದ ನೂರಿಪ್ಪತ್ತು ಜನ ಬರಬಹುದಾ ಅಂತ ಕೇಳಿದ್ರು. ಇನ್ನೂರು ಬಂದ್ರೂ ಅಡ್ಡಿ ಇಲ್ಲ, ಹಾಲ್ ಎಲ್ಲ ಬೇಡ, ಮನೆಯಲ್ಲೇ ಮಾಡುವ ಅಂದೆ."

"ಯಾರ ಮನೆಯಲ್ಲಿ?"

"ಮೋಹನದಾಸನ ಮನೆಯಲ್ಲಿ," ಎಂದರು ಸುಂದರ ಮಾರ್ಲರು.